ಮುನ್ನೂರ ಹನ್ನೆರಡು ಹೆಂಗಸರ ಹೂಂ

ಸುಣ್ಣಗಾರ ಕೇರಿಯ ಮುನ್ನೂರ ಹನ್ನೆರಡು ಹೆಂಗಸರು ಕೆರೆಗೆ ಬೇಲಿ ಹಾಕಲು ಒಪ್ಪಿದ್ದಾರೆ ಎಂದು ಅಭಿಪ್ರಾಯ ಕಚೇರಿಯವರು ಚಾವಡಿಯ ಮೆಟ್ಟಿಲ ಮೇಲೆ ನಿಂತು ಓದಿದರು. ಅವರಲ್ಲಿ ಮುನ್ನೂರ ಹನ್ನೊಂದು ಜನರನ್ನು ಯಾರೂ ಕೇಳಿರಲಿಲ್ಲ. ಉಳಿದ ಒಬ್ಬಳು ಒಪ್ಪಿರಲಿಲ್ಲ.

ನಾನು ಆ ಕಚೇರಿಯಲ್ಲಿ ಹತ್ತೊಂಬತ್ತು ವರ್ಷದಿಂದ ಕೇಳುವವಳು. ಹೆಸರು ವನಜಾಕ್ಷಿ. ಕೆಲಸದ ಹೆಸರೇ ಕೇಳುವವಳು ಎಂದು. ಹಾಜರಿ ಪುಸ್ತಕದಲ್ಲೂ ಹಾಗೆಯೇ ಇದೆ. ನಮ್ಮೂರಲ್ಲಿ ಮತಪೆಟ್ಟಿಗೆ ಇಲ್ಲ, ವರ್ಷಕ್ಕೊಂದು ಕೇಳಿಕೆ ಇದೆ. ಈಗಿರುವ ಮಂಡಳಿ ಮುಂದುವರಿಯಬೇಕೋ ಬೇಡವೋ, ಯಾವ ಬೀದಿಗೆ ನೀರು, ಯಾವ ಬೀದಿಗೆ ಕಸ, ಎಲ್ಲವನ್ನೂ ಜನರನ್ನು ಕೇಳಿ, ಬಂದ ಉತ್ತರವನ್ನು ಚಾವಡಿಯಲ್ಲಿ ಓದುತ್ತಾರೆ. ಓದಿದ ಗಳಿಗೆಯಿಂದ ಉತ್ತರ ಕೊಟ್ಟವರಿಗೆ ತೂಕ ಬರುತ್ತದೆ. ಕೇಳದೆ ಬಿಟ್ಟವರು ಹಗುರಾಗುತ್ತಾರೆ.

ಮಾತಿಗೆ ಹೇಳುತ್ತಿಲ್ಲ. ತಕ್ಕಡಿಯಲ್ಲಿ ಕೂರಿಸಿದರೆ ಮುಳ್ಳು ತೋರಿಸುತ್ತದೆ.

ನಾವು ಬಾಗಿಲಿಗೆ ಹೋಗಿ ಕೇಳುತ್ತಿದ್ದ ಕಾಲದಲ್ಲಿ ಐದು ಮನೆಗೆ ಒಂದು ಮನೆ ಲೆಕ್ಕ. ಉತ್ತರ ಕೊಟ್ಟವಳಿಗೆ ಅಕ್ಕಪಕ್ಕದ ನಾಲ್ಕು ಮನೆಗಳ ಭಾರ. ಸೊಂಟದ ಮೇಲೆ ಒಂದು ಬಿಂದಿಗೆ ನೀರು ಸದಾ ಇದ್ದ ಹಾಗೆ ಇರುತ್ತದೆ ಎಂದು ಹೆಂಗಸರು ಹೇಳುತ್ತಿದ್ದರು. ಆ ವರ್ಷ ಅವಳು ತುಸು ಕಾಲೆಳೆದು ನಡೆಯುತ್ತಿದ್ದಳು. ಉಳಿದ ನಾಲ್ವರ ಅಂಗಾಲು ನೆಲಕ್ಕೆ ಪೂರಾ ಊರುತ್ತಿರಲಿಲ್ಲ. ಮುಂದಿನ ವರ್ಷ ಸರದಿ ಬದಲಾಗುತ್ತಿತ್ತು. ಊರು ಅದಕ್ಕೆ ತಕ್ಕ ಹಾಗೆ ಬದುಕು ಹೊಂದಿಸಿಕೊಂಡಿತ್ತು. ದರ್ಜಿಗಳು ಲಂಗದ ಅಂಚಿಗೆ ಕಲ್ಲು ತುಂಬಲು ಚೀಲ ಹೊಲಿದು ಕೊಡುತ್ತಿದ್ದರು. ಆಷಾಢದ ಗಾಳಿ ಎದ್ದಾಗ ಹಗುರಾದವರು ತೂಕದವರ ಕೈ ಹಿಡಿದು ರಸ್ತೆ ದಾಟುತ್ತಿದ್ದರು. ಹೆಣ್ಣು ನೋಡಲು ಬಂದವರು ‘ಹುಡುಗಿ ಎಷ್ಟು ಓದಿದ್ದಾಳೆ’ ಎನ್ನುವ ಮೊದಲು ‘ಕೇಳಿಸಿಕೊಂಡ ಮನೆಯೇ?’ ಎನ್ನುತ್ತಿದ್ದರು.

ಕೇಳುವವರನ್ನು ಮಾತ್ರ ಯಾರೂ ಕೇಳುವಂತಿಲ್ಲ. ಅದು ನಿಯಮ. ಹಾಗಾಗಿ ನಾನು ಹತ್ತೊಂಬತ್ತು ವರ್ಷವೂ ಹಗುರ. ಅಪ್ಪನ ದಿನಸಿ ಅಂಗಡಿಯಲ್ಲಿದ್ದ ಐದು ಕಿಲೋದ ಕಬ್ಬಿಣದ ಬಟ್ಟನ್ನು ಬಗಲಚೀಲದಲ್ಲಿ ಹಾಕಿಕೊಂಡೇ ಓಡಾಡುತ್ತೇನೆ. ಎಡಭುಜ ಜೋತುಬಿದ್ದಿದೆ.

ಬಾಗಿಲಲ್ಲಿ ಕೇಳುವುದು ಸತ್ಯವಂತರ ಕೆಲಸವಾಗಿತ್ತು ಎಂದು ನಾನು ಹೇಳುವುದಿಲ್ಲ. ನನ್ನ ಹಿಂದೆ ಕೇರಿಯ ಯಜಮಾನ ನಿಂತಿರುತ್ತಿದ್ದ. ‘ಮಂಡಳಿ ಹೇಗೆ ನಡೆಸುತ್ತಿದೆ?’ ಎಂದರೆ ಹೆಂಗಸು ಮೊದಲು ಅವನ ಮುಖ ನೋಡಿ, ಆಮೇಲೆ ನನ್ನ ಸೀರೆ ನೋಡಿ, ‘ಚೆನ್ನಾಗೇ ನಡುಸ್ತವ್ರೆ ಕಣವ್ವ’ ಎನ್ನುತ್ತಿದ್ದಳು. ಒಳಗಿಂದ ಗಂಡ ಕೆಮ್ಮಿದರೆ ಉತ್ತರ ಬದಲಾಗುತ್ತಿತ್ತು. ನಾನು ಬದಲಾದದ್ದನ್ನೇ ಬರೆಯುತ್ತಿದ್ದೆ. ಆದರೆ ಒಂದು ವಿದ್ಯೆ ನನಗೆ ಬಾಗಿಲುಗಳಲ್ಲೇ ಬಂತು. ಹೂಂ ಎನ್ನುವುದರಲ್ಲಿ ಎಷ್ಟು ಬಗೆ ಇದೆ ಎಂದು ಕಲಿತೆ. ಒಪ್ಪಿದ ಹೂಂ ಗಿಡ್ಡ, ಗಲ್ಲದೊಂದಿಗೆ ಕೆಳಗೆ ಬರುತ್ತದೆ. ‘ಕೇಳುತ್ತಿದ್ದೇನೆ, ಮುಂದೆ ಹೇಳು’ ಎನ್ನುವ ಹೂಂ ಉದ್ದ, ಕತೆ ಕೇಳುವಾಗಿನದು. ‘ನೀನು ಹೇಳುವುದೆಲ್ಲ ಸುಳ್ಳು ಅಂತ ಗೊತ್ತು, ಆದರೂ ಹೇಳು’ ಎನ್ನುವ ಹೂಂ ಮೂಗಿನಿಂದ ಬರುತ್ತದೆ. ಒಪ್ಪದಿದ್ದರೆ ಊಹೂಂ. ಆಗ ತಲೆ ಅಲ್ಲಾಡುತ್ತದೆ, ಮೊದಲ ‘ಊ’ ಬಾಯಿಯೊಳಗೇ ಅರ್ಧ ನುಂಗಿ ಹೋಗುತ್ತದೆ.

ಸುಣ್ಣಗಾರ ಕೇರಿಯಲ್ಲಿ ‘ಇಲ್ಲ’ ಎಂಬ ಮಾತನ್ನು ಹೊಸ್ತಿಲ ಮೇಲೆ ಆಡುವುದಿಲ್ಲ. ಅಕ್ಕಿ ಮುಗಿದರೆ ‘ಅಕ್ಕಿ ತುಂಬೈತೆ’ ಎನ್ನುತ್ತಾರೆ. ನನ್ನ ಮೊದಲ ವರ್ಷ, ಸಣ್ಣೀರಮ್ಮ ಎಂಬವಳ ಬಾಗಿಲಲ್ಲಿ ನಿಂತು ಪುಸ್ತಕ ತೆರೆದು ‘ಮನೆಯಲ್ಲಿ ಗಂಡಸರು ಇಲ್ಲವಾ?’ ಎಂದುಬಿಟ್ಟೆ. ಆಗ ಅವಳಿಗೆ ಐವತ್ತು ಇರಬಹುದು. ಕೆರೆಯಿಂದ ಚಿಪ್ಪು ಆಯ್ದು ತಂದು ಒದ್ದೆ ಸೀರೆಯಲ್ಲೇ ನಿಂತಿದ್ದಳು. ಚಿಪ್ಪು ಸುಟ್ಟು ಸುಣ್ಣ ಮಾಡುವುದು ಆ ಕೇರಿಯ ಕಸುಬು.

“ಬಿಡ್ತು ಅನ್ನು,” ಎಂದಳು.

“ಏನು?”

“ಹೊಸ್ಲು ಮ್ಯಾಲೆ ನಿಂತು ಅಂಥ ಮಾತ್ ಆಡ್ತಾರೇನವ್ವ ಕೇಳವ್ವ? ಬಿಡ್ತು ಅನ್ನು ಮೊದ್ಲು. ಆಮೇಲೆ ಅದೇನ್ ಕೇಳ್ತೀಯೋ ಕೇಳು.”

“ಬಿಡ್ತು,” ಎಂದೆ. ಮಜ್ಜಿಗೆ ಕೊಟ್ಟಳು. ಅಂದಿನಿಂದ ಕೇರಿಯಲ್ಲಿ ನನ್ನ ಹೆಸರು ಕೇಳವ್ವ. ಪ್ರತಿ ವರ್ಷ ಆ ಮನೆಯ ಸರದಿ ಇರಲಿ ಇರದಿರಲಿ, ಮಜ್ಜಿಗೆ ಇರುತ್ತಿತ್ತು.

ಈ ವರ್ಷ ಮೊದಲ ಸಲ ಕೇಳಿಕೆಯನ್ನು ಫೋನಿಗೆ ಹಾಕಿದರು. ದೊಡ್ಡ ಫೋನ್ ಇದ್ದವರಿಗೆ ಬೆರಳಲ್ಲಿ ಒತ್ತುವ ಪ್ರಶ್ನೆಗಳು. ಸಣ್ಣ ಫೋನಿನವರಿಗೆ ಕರೆ ಬರುತ್ತದೆ, ಯಂತ್ರದ ಹೆಣ್ಣುದನಿ ಕೇಳುತ್ತದೆ, ಯಂತ್ರವೇ ಉತ್ತರ ಬರೆದುಕೊಳ್ಳುತ್ತದೆ. ನಮ್ಮ ಸಾಹೇಬರು ಚಿದಂಬರ ಎಂದು. ದನಿ ಎತ್ತಿದವರಲ್ಲ, ಎದುರಿಗೆ ನಿಂತವರನ್ನು ಕೂರಿಸದೆ ಮಾತಾಡಿದವರಲ್ಲ. ನನ್ನನ್ನೂ ಕೂರಿಸಿಯೇ ಹೇಳಿದರು.

“ಬಾಗಿಲಲ್ಲಿ ಜನ ನಿಮ್ಮ ಮುಖ ನೋಡಿ ಉತ್ತರ ಕೊಡ್ತಾರೆ ವನಜಾಕ್ಷಿಯವರೇ. ಫೋನಿಗೆ ಮುಖ ಇಲ್ಲ. ಹೆದರಬೇಕಾಗಿಲ್ಲ, ಮೆಚ್ಚಿಸಬೇಕಾಗಿಲ್ಲ.”

ಅವರ ಮಾತು ಸುಳ್ಳಲ್ಲ. ಮೇಲಿನ ಪೇಟೆಯ ಒಬ್ಬ ಸೊಸೆ ಸರದಿ ಬಂದಾಗಲೆಲ್ಲ ನನಗೆ ‘ಎಲ್ಲ ಚೆನ್ನಾಗಿದೆ’ ಎಂದವಳು, ಈ ಸಲ ಬಚ್ಚಲುಮನೆಯ ಚಿಲಕ ಹಾಕಿಕೊಂಡು ಫೋನಿನಲ್ಲಿ ಮಂಡಳಿ ಬೇಡವೆಂದು ಒತ್ತಿದಳಂತೆ. ಅತ್ತೆಯ ಕಣ್ಣೆದುರು ನನಗೆ ಹೇಳಲಾಗದ್ದನ್ನು ಅವಳು ಗಾಜಿಗೆ ಹೇಳಿದಳು. ಅದನ್ನು ಕೇಳಿ ನಾನು ನಿಜವಾಗಿ ಸಂತೋಷಪಟ್ಟೆ. ಆದರೆ ಅದೇ ಪೇಟೆಯಲ್ಲಿ ಫ್ಯಾನಿನ ಕೆಳಗೆ ಒರಗಿಕೊಂಡು, ಪ್ರಶ್ನೆ ಓದದೆ, ಮೇಲಿಂದ ಕೆಳಗೆ ಒಂದೇ ಸಾಲಿನಲ್ಲಿ ಒತ್ತಿಕೊಂಡು ಹೋದವರು ಅವಳಿಗಿಂತ ಹೆಚ್ಚು. ಕೆಲವರು ಊಟದ ಮಧ್ಯೆ ಎಡಗೈಯಲ್ಲಿ ಒತ್ತಿದರು. ಅವರಿಗೆಲ್ಲ ತೂಕ ಬಂತು. ಮಹಡಿ ಮನೆಗಳ ಗೋಡೆ ಬಿರುಕು ಬಿಟ್ಟದ್ದಕ್ಕೆ ಗಾರೆಯವರನ್ನು ಬೈದುಕೊಂಡರು.

ಮತ್ತು ನಾನು ಮಾಡಿದ್ದನ್ನೂ ಬರೆಯಬೇಕು. ಯಂತ್ರಕ್ಕೆ ಜನರ ಮಾತು ಕಲಿಸಲು ಒಂದು ಪಟ್ಟಿ ಬೇಕಾಗಿತ್ತು. ‘ಹತ್ತೊಂಬತ್ತು ವರ್ಷ ಬಾಗಿಲಲ್ಲಿ ಕೇಳಿದ್ದೀರಿ, ನಿಮಗಿಂತ ಯಾರಿಗೆ ಗೊತ್ತು?’ ಎಂದು ಸಾಹೇಬರು ಹಾಳೆ ಮುಂದಿಟ್ಟರು. ನನಗೆ ಹೆಮ್ಮೆಯಾಯಿತು. ಒಪ್ಪಿಗೆಯ ಕಡೆ ಹೌದು, ಹೂಂ, ಸರಿ, ಆಯ್ತು, ಆಗ್ಲಿ ಎಂದು ಬರೆದೆ. ಬೇಡದ ಕಡೆ ಇಲ್ಲ, ಬೇಡ, ಆಗಲ್ಲ ಎಂದು ಬರೆದೆ. ಊಹೂಂ ಎಂದು ಬರೆಯಲು ಹೋಗಿ ಪೆನ್ನು ನಿಲ್ಲಿಸಿದೆ. ಅದೊಂದು ಮಾತೇ, ಅದನ್ನು ಬರೆಯುವುದು ಹೇಗೆ, ದೀರ್ಘ ಎಲ್ಲಿ, ಸೊನ್ನೆ ಎಲ್ಲಿ, ಸಾಹೇಬರು ನಕ್ಕಾರು ಎಂದುಕೊಂಡೆ. ಬರೆಯಲಿಲ್ಲ. ನನ್ನ ನಾಚಿಕೆಯ ಒಂದು ಗಳಿಗೆ ಅದು.

ಸುಣ್ಣಗಾರ ಕೇರಿಯಲ್ಲಿ ಫೋನುಗಳು ಗಂಡಸರ ಜೇಬಿನಲ್ಲಿರುತ್ತವೆ. ಕೆಲಸಕ್ಕೆಂದು ಪೇಟೆಗೆ ಹೋದ ಗಂಡಸರಲ್ಲಿ ಇಪ್ಪತ್ತಾರು ಮಂದಿ ಉತ್ತರ ಕೊಟ್ಟರು; ಭಾರವನ್ನು ಹೇಗೋ ಹಂಚಿಕೊಂಡರು. ಹೆಂಗಸರಲ್ಲಿ ಫೋನ್ ಎತ್ತಿದವಳು ಸಣ್ಣೀರಮ್ಮ ಒಬ್ಬಳೇ. ಅದು ಸೊಸೆ ಮಂಗಳಿಯ ಫೋನು. ಕೇರಿಯಲ್ಲಿ ಸಿಗ್ನಲ್ ಸಿಗುವುದು ಸಣ್ಣೀರಮ್ಮನ ತಲೆಬಾಗಿಲಲ್ಲಿ ಮಾತ್ರವಾದ್ದರಿಂದ ಫೋನನ್ನು ಅಲ್ಲೇ ಗೂಟಕ್ಕೆ ನೇತುಹಾಕುತ್ತಿದ್ದರು. ಮಂಗಳಿ ಕೆರೆಗೆ ಹೋಗಿದ್ದಾಗ ಅದು ಕೂಗಿತು. ಮುದುಕಿ ಎತ್ತಿಕೊಂಡಳು. ಹನ್ನೊಂದು ಪ್ರಶ್ನೆ ಕೇಳಿಸಿಕೊಂಡಳು. ಚಾವಡಿಯಲ್ಲಿ ಓದಿದ ದಿನ ಮುನ್ನೂರ ಹನ್ನೊಂದು ಹೆಂಗಸರ ಭಾರ ಅವಳ ಮೇಲೆ ಕೂತಿತು.

ಹದಿಮೂರನೆಯ ದಿನ ಬೆಳಿಗ್ಗೆ ಚಿದಂಬರ ಸಾಹೇಬರು ನನ್ನನ್ನು ಕರೆದರು. ಕೇರಿಯವರು ತಕರಾರು ಹಾಕಿದ್ದಾರೆ, ಬೇಲಿಯ ಕಂಬ ಬಂದಿಳಿದಿವೆ, ಮರುತಪಾಸಣೆ ಆಗದೆ ವರದಿಗೆ ಮುದ್ರೆ ಬೀಳುವುದಿಲ್ಲ, ಮುದ್ರೆ ಬೀಳದೆ ಕಂಬ ನೆಡುವಂತಿಲ್ಲ ಎಂದರು. ಮರುತಪಾಸಣೆ ಎಂದರೆ ಫೋನಿನಲ್ಲಿ ಉತ್ತರ ಕೊಟ್ಟವರ ಮನೆಗೇ ಹೋಗಿ ಒಂದೇ ಪ್ರಶ್ನೆ ಕೇಳುವುದು: ಇಂಥ ದಿನ, ಇಂಥ ಹೊತ್ತಿಗೆ ಫೋನಿನಲ್ಲಿ ಉತ್ತರಿಸಿದವರು ನೀವೇ? ಹೌದು ಎಂದರೆ ವರದಿ ಊರ್ಜಿತ. ಇಲ್ಲ ಎಂದರೆ ಉತ್ತರ ರದ್ದು, ಭಾರವೂ ರದ್ದು, ಕೇರಿಯ ಹೆಂಗಸರನ್ನು ಮತ್ತೆ ಮೊದಲಿಂದ ಕೇಳಬೇಕು. ಕೆಳಗೆ ತಪಾಸಣೆ ಮಾಡಿದವರ ಸಹಿ.

“ಒಮ್ಮೆ ಆ ಕರೆ ಕೇಳಬಹುದೇ?” ಎಂದೆ. ಕೇಳಿಸಿದರು.

ಯಂತ್ರದ ಹೆಣ್ಣು ಬಹಳ ಮರ್ಯಾದೆಯಿಂದ ಮಾತಾಡುತ್ತಿತ್ತು. ಮಂಡಳಿಯ ಸಾಧನೆಗಳನ್ನು ಒಂದೊಂದಾಗಿ ಹೇಳಿ, ನಿಲ್ಲಿಸಿ, ‘ನಿಮ್ಮ ಅಭಿಪ್ರಾಯ?’ ಎನ್ನುತ್ತಿತ್ತು. ಸಣ್ಣೀರಮ್ಮ ಉದ್ದಕ್ಕೆ ಹೂಂ ಎನ್ನುತ್ತಿದ್ದಳು. ಕತೆ ಕೇಳುವ ಹೂಂ. ಯಂತ್ರ ‘ಧನ್ಯವಾದ’ ಎಂದು ಮುಂದಕ್ಕೆ ಹೋಗುತ್ತಿತ್ತು. ಒಂಬತ್ತನೆಯದು ಕೆರೆ. ‘ಕೆರೆಗೆ ಬೇಲಿ ಹಾಕಿ ವಿಹಾರವನ ಮಾಡಲು ನಿಮ್ಮ ಒಪ್ಪಿಗೆ ಇದೆಯೇ?’ ಮೊದಲು ಅವಳ ಕಿವಿಯ ಬುಗುಡಿ ಫೋನಿಗೆ ಬಡಿದು ಟಿಕ್ ಟಿಕ್ ಎಂದಿತು. ತಲೆ ಅಲ್ಲಾಡಿಸುತ್ತಿದ್ದಳು. ಆಮೇಲೆ ನುಂಗಿದ ಒಂದು ಊ, ಅದರ ಬೆನ್ನಿಗೆ ಹೂಂ. ‘ಧನ್ಯವಾದ’ ಎಂದಿತು ಯಂತ್ರ.

“ಸಾರ್, ಇದು ಊಹೂಂ. ಬೇಡ ಅಂದಿದ್ದಾಳೆ.”

“ಯಂತ್ರ ಹೂಂ ಅಂತ ಬರೆದುಕೊಂಡಿದೆ.”

“ಬುಗುಡಿ ಸದ್ದು ಕೇಳಿ ಸಾರ್. ತಲೆ ಅಲ್ಲಾಡಿಸ್ತಾ ಇದ್ದಾಳೆ.”

“ಬುಗುಡಿಯನ್ನ ನಾನು ಯಾವ ಕಾಲಮ್ಮಿನಲ್ಲಿ ಹಾಕಲಿ?” ಕೋಪವಿರಲಿಲ್ಲ; ನಿಜವಾಗಿಯೂ ಕೇಳುತ್ತಿದ್ದರು. “ಊಹೂಂ ಪಟ್ಟಿಯಲ್ಲಿಲ್ಲ. ಪಟ್ಟಿ ಮಾಡಿದವರು ನೀವು.”

ಅವರೇ ಮುಂದುವರಿಸಿದರು. “ಆ ಕೇರಿಯ ಹೆಂಗಸರನ್ನ ಪೂರ್ತಿ ಬಿಟ್ಟುಬಿಡಬಹುದಿತ್ತು. ನಾವು ಬಿಡಲಿಲ್ಲ. ಆಕೆಯಂಥವರು ಮುನ್ನೂರ ಹನ್ನೊಂದು ಜನ ಇದ್ದಾರೆ ಅಂತ ಲೆಕ್ಕ ಹಾಕಿ ಆಕೆಯ ಉತ್ತರಕ್ಕೆ ಅಷ್ಟೂ ತೂಕ ಕೊಟ್ಟಿದ್ದೇವೆ. ಅದು ನ್ಯಾಯ ಅಲ್ಲವೇ? ನೀವು ಹೋಗಿ ಆ ಒಂದು ಪ್ರಶ್ನೆ ಕೇಳಿ ಬನ್ನಿ. ಅದೊಂದನ್ನೇ.”

ಆಕೆಯಂಥವರು. ಮೇಲಿನ ಪೇಟೆಯಲ್ಲಿ ಒಬ್ಬರಂಥವರು ಇನ್ನೊಬ್ಬರಿಲ್ಲ. ಗಂಡ ಹೆಂಡತಿ ಬೇರೆ ಬೇರೆ, ಅಣ್ಣ ತಮ್ಮ ಬೇರೆ ಬೇರೆ. ಕೇರಿಗೆ ಬಂದರೆ ಮುನ್ನೂರ ಹನ್ನೆರಡು ಬಾಯಿ ಸೇರಿ ಒಂದು ಬಾಯಿ.

ನಾನು ಹೋದೆ. ಕೆರೆಯ ಏರಿಯ ಪಕ್ಕ ಸಿಮೆಂಟಿನ ಕಂಬಗಳು ರಾಶಿ ಬಿದ್ದಿದ್ದವು. ಹೆಂಗಸರು ಚಿಪ್ಪಿನ ಬುಟ್ಟಿ ಹೊತ್ತು ಸಾಲಾಗಿ ಬರುತ್ತಿದ್ದರು. ದನಗಳನ್ನು ಸಾಲಾಗಿ ಕಟ್ಟುವ ದಾವಣಿ ಹಗ್ಗವನ್ನೇ ಒಬ್ಬರ ಸೊಂಟದಿಂದ ಒಬ್ಬರ ಸೊಂಟಕ್ಕೆ ಕಟ್ಟಿಕೊಂಡಿದ್ದರು. ಮಡಿಲಲ್ಲಿ ರುಬ್ಬುಗುಂಡು, ಒರಳಿನ ಚೂರು, ಯಾರೋ ಒಬ್ಬಳು ದೇವರ ಗೂಡಿನ ಕಲ್ಲನ್ನೇ ಕಿತ್ತು ಕಟ್ಟಿಕೊಂಡಿದ್ದಳು. ಮುಂದೆ ಓಬಕ್ಕ. ಸಣ್ಣೀರಮ್ಮನ ಪಕ್ಕದ ಮನೆಯವಳು, ಬಾಯಿಗೆ ಬೀಗ ಇಲ್ಲದವಳು.

“ಬಂದ್ಲು ನೋಡ್ರೇ ಕೇಳವ್ವ,” ಎಂದಳು. “ಕೇಳೋದೆಲ್ಲ ಮುಗುದ್ಮ್ಯಾಲೆ ಬಂದವ್ಳೆ. ಈ ಸಲ ಯಾತಕ್ಕೆ ಹೂಂ ಅನ್ಬೇಕು ಹೇಳ್ಬಿಡು ತಾಯಿ, ಎಲ್ರೂ ಒಟ್ಟಿಗೇ ಅಂದ್ಬಿಡ್ತೀವಿ. ನಿನಗೂ ಕಾಲ್ ನೋವು ತಪ್ತದೆ.”

ಹೆಂಗಸರು ನಕ್ಕರು. ನಕ್ಕಾಗ ಒಂದಿಷ್ಟು ಮೇಲೆದ್ದರು. ತಟ್ಟನೆ ನಗು ನಿಲ್ಲಿಸಿ ಹಗ್ಗ ಹಿಡಿದುಕೊಂಡರು. ಸಾಲಿನಲ್ಲಿ ಓಬಕ್ಕನ ಹಿಂದಿನ ಜಾಗ ಖಾಲಿ ಇತ್ತು. ಹಗ್ಗದ ಕುಣಿಕೆ ಮಾತ್ರ ಇತ್ತು.

“ನಿಂಗಿ ಎಲ್ಲಿ?” ಎಂದೆ. ಓಬಕ್ಕನ ತಂಗಿ ಅವಳು. ಅಕ್ಕನ ಬೆನ್ನು ಬಿಟ್ಟು ನಡೆದವಳಲ್ಲ.

“ಹಗ್ಗ ಕಟ್ಕೊಳೋ ಬುದ್ಧಿ ನಮಗೆ ಬಂದಿದ್ದು ಅವಳು ಹೋದ್ಮ್ಯಾಲೆ,” ಎಂದಳು ಓಬಕ್ಕ. “ಚಿಪ್ಪಿಗೆ ಬಗ್ಗುದ್ಲು. ಮಡ್ಲು ಬಿಚ್ಕಂಡು ಕಲ್ಲು ನೀರಿಗ್ ಬಿತ್ತು. ಗಾಳಿ ಅವಳ್ನ ಮ್ಯಾಕೆ ಎತ್ಕಂಡ್ ಹೋತು. ಅಕ್ಕಾ ಅಂತ ಕೂಗುದ್ಲು, ಆಮೇಲೆ ಕೂಗಿದ್ದೂ ಕೇಳಿಸ್ನಿಲ್ಲ. ಅವಳು ಯಾತಕ್ಕೆ ಒಪ್ಪಿದ್ಲು ಅಂತ ನಿಮ್ ಪುಸ್ತಕದಾಗೆ ಬರ್ದೈತಲ್ಲ, ಓದು ಒಂದ್ಸಲ. ನಾನೂ ಕೇಳ್ತೀನಿ.”

ಹಾಳೆ ನನ್ನ ಚೀಲದಲ್ಲಿತ್ತು. ತೆಗೆಯಲಿಲ್ಲ. ಅವರ ಹಿಂದೆ ನಡೆದೆ.

ಸಣ್ಣೀರಮ್ಮ ತಲೆಬಾಗಿಲಲ್ಲಿ ಇದ್ದಳು. ಕೂತಿದ್ದಳು ಎನ್ನಲಾಗದು, ನಿಂತಿದ್ದಳು ಎನ್ನಲೂ ಆಗದು. ಓದಿದ ದಿನ ಮಂಚ ಮುರಿಯಿತಂತೆ. ಗಾಳಿಗಾದರೂ ಕೂರೋಣವೆಂದು ಬಾಗಿಲಿಗೆ ಬಂದವಳ ಕಾಲು ಹೊಸ್ತಿಲ ಪಕ್ಕದ ನೆಲದಲ್ಲಿ ಇಳಿಯಿತು. ದಿನಕ್ಕೆ ನಾಲ್ಕು ಬೆರಳು ಇಳಿದು ಈಗ ಸೊಂಟದವರೆಗೆ ಮಣ್ಣಿನಲ್ಲಿದ್ದಳು. ಇಪ್ಪತ್ತು ಗಂಡಾಳು ಹಗ್ಗ ಹಾಕಿ ಎಳೆದರೂ ಅಲುಗಿರಲಿಲ್ಲ. ಮನೆಯವರು ಅವಳ ಪಕ್ಕದ ಒಂದು ಮೊಳ ಜಾಗದಲ್ಲಿ ಓರೆಯಾಗಿ ಒಳಗೆ ಹೊರಗೆ ಓಡಾಡುವುದನ್ನು ರೂಢಿ ಮಾಡಿಕೊಂಡಿದ್ದರು. ಮಂಗಳಿ ಕಾಲಿಗೆ ಒರಳುಕಲ್ಲು ಕಟ್ಟಿಕೊಂಡು, ಅತ್ತೆಗೆ ರಾಗಿ ಅಂಬಲಿ ಕುಡಿಸುತ್ತಿದ್ದಳು.

“ಅತ್ತೆ ಹೂಂ ಅನ್ನಾದ್ ಬಿಟ್ಟವ್ರೆ ಕಣಕ್ಕ,” ಎಂದಳು ಮಂಗಳಿ. “ಅಂಬ್ಲಿ ಸಾಕಾ ಅಂದ್ರೂ ಹೂಂ ಅನ್ನಲ್ಲ. ಸಾಕಾದ್ರೆ ಬಾಯ್ ಮುಚ್ಕತಾರೆ.”

“ಬಾರವ್ವ,” ಎಂದಳು ಸಣ್ಣೀರಮ್ಮ. ದನಿ ಮಣ್ಣಿನೊಳಗಿಂದ ಬಂದಂತಿತ್ತು. “ಪೈರು ನಾಟಿ ಹಾಕ್ದಂಗೆ ಹಾಕವ್ರೆ ನೋಡು ನನ್ನ. ಇನ್ನ ಚಿಗುರೋದೊಂದು ಬಾಕಿ. ಮಂಗಳಿ, ಕೇಳವ್ವಂಗೆ ಮಜ್ಜಿಗೆ ಕೊಡು.”

“ಮಜ್ಜಿಗೆ ತುಂಬೈತೆ ಅತ್ತೆ,” ಎಂದಳು ಮಂಗಳಿ. ಮಜ್ಜಿಗೆ ಇರಲಿಲ್ಲ.

ನಾನು ಚೀಲ ಇಳಿಸದೆ ಅವಳ ಎದುರು ಕುಕ್ಕುರುಗಾಲಲ್ಲಿ ಕೂತೆ. ಹೆಂಗಸರು ಹಗ್ಗ ಬಿಚ್ಚದೆ ಅಂಗಳದಲ್ಲಿ ಸುತ್ತುಗಟ್ಟಿದರು. ಹಾಳೆಯಲ್ಲಿ ಏನಿದೆ, ಹೌದು ಎಂದರೆ ಏನು, ಇಲ್ಲ ಎಂದರೆ ಏನು ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಹಾಗೆ ಹೇಳುವಂತಿಲ್ಲ. ಬರೀ ಪ್ರಶ್ನೆ ಕೇಳಬೇಕು. ಹತ್ತೊಂಬತ್ತು ವರ್ಷ ಬರೀ ಪ್ರಶ್ನೆ ಕೇಳಿದ್ದೇ ಸಾಕಾಗಿತ್ತು.

“ನನ್ ಭಾರ ಇಳೀತದಾ?” ಎಂದಳು ಸಣ್ಣೀರಮ್ಮ.

“ಉತ್ತರ ರದ್ದಾದರೆ ಇಳಿಯುತ್ತೆ. ಕಂಬ ನೆಡೋದೂ ನಿಲ್ಲುತ್ತೆ.”

“ಕೇಳು ಮತ್ತೆ.”

ಓದಿದೆ. “ಹೋದ ತಿಂಗಳು ಹದಿನಾರನೇ ತಾರೀಖು, ಬೆಳಿಗ್ಗೆ ಹನ್ನೊಂದು ಗಂಟೆಗೆ ಫೋನಿನಲ್ಲಿ ಉತ್ತರಿಸಿದವರು ನೀವೇ?”

ಸುಳ್ಳು ಹೇಳಿಬಿಡು ಎಂದು ನಾನು ಒಳಗೇ ಬೇಡಿಕೊಳ್ಳುತ್ತಿದ್ದೆ.

“ಮಾತಾಡ್ದೋಳು ಅವಳು,” ಎಂದಳು. “ಪಾಪ, ಅಷ್ಟ್ ಚೆಂದಾಗಿ ಒಬ್ಬಳೇ ಮಾತಾಡ್ತಾ ಅವ್ಳೆ, ಸುಮ್ಕಿದ್ರೆ ಗೋಡೆ ಮುಂದೆ ಮಾತಾಡ್ದಂಗ್ ಆಗ್ತದಲ್ಲ ಅಂತ ಹೂಂಗುಟ್ದೆ. ಕೆರೆ ಸುದ್ದಿ ಬಂತು. ಅದ್ಕೆ ಮಾತ್ರ ಊಹೂಂ ಅಂದೆ. ಒಂದ್ಸಲ ಅಲ್ಲ, ತಲೆ ಅಲ್ಲಾಡ್ಸಿ ಅಲ್ಲಾಡ್ಸಿ ಅಂದೆ. ಅವಳು ಧನ್ಯವಾದ ಅಂದ್ಲು. ನಾನು ಅವಳಿಗ್ ಅರ್ಥ ಆತು ಅಂದ್ಕಂಡೆ.”

ಹಾಳೆಯಲ್ಲಿ ಎರಡೇ ಚೌಕ ಇದ್ದವು. ಅವಳು ಹೇಳಿದ್ದು ಎರಡರಲ್ಲೂ ಹಿಡಿಯುವಂಥದ್ದಲ್ಲ.

“ಯಂತ್ರಕ್ಕೆ ಊಹೂಂ ಗೊತ್ತಿಲ್ಲ,” ಎಂದೆ. “ಯಾಕೆಂದರೆ ಅದಕ್ಕೆ ಮಾತಿನ ಪಟ್ಟಿ ಬರೆದುಕೊಟ್ಟವಳು ನಾನು. ಹೂಂ ಬರೆದೆ. ಊಹೂಂ ಬಿಟ್ಟೆ.”

ಓಬಕ್ಕ ಒಂದು ಹೆಜ್ಜೆ ಮುಂದೆ ಬಂದಳು. ಹಗ್ಗ ಅವಳನ್ನು ತಡೆಯಿತು.

“ನೀನ್ ಬರ್ದಿದ್ದಾ?”

“ಹೌದು.”

“ಹತ್ತೊಂಬತ್ತ್ ವರ್ಷ ಈ ಮನೆ ಮಜ್ಜಿಗೆ ಕುಡ್ದೆ,” ಎಂದಳು ಸಣ್ಣೀರಮ್ಮ. ಬೈಗುಳದ ದನಿಯಾಗಿದ್ದರೆ ತಡೆದುಕೊಳ್ಳಬಹುದಿತ್ತು. “ಊಹೂಂ ಅನ್ನಾದು ನಿನ್ ಕಿವೀಗೆ ಬಿದ್ದೇ ಇಲ್ವಾ?”

“ಬಿದ್ದಿತ್ತು. ಬರೆಯೋಕೆ ನಾಚಿಕೆಯಾಯ್ತು.”

“ನಾಚ್ಕೆ,” ಎಂದಳು ಓಬಕ್ಕ, ಯಾರಿಗೂ ಅಲ್ಲದೆ. “ನಿನ್ ನಾಚ್ಕೇಗೆ ನನ್ ತಂಗಿ ಹೋದ್ಲು.”

ಮಂಗಳಿ ಅತ್ತೆಯ ಬಾಯಿ ಒರೆಸಿದಳು. ಸಣ್ಣೀರಮ್ಮ ಕಣ್ಣುಮುಚ್ಚಿಕೊಂಡಿದ್ದಳು. ನಾನು ನೋಡುತ್ತಿದ್ದಂತೆಯೇ ಅವಳ ಸೊಂಟದ ಸುತ್ತಲಿನ ಮಣ್ಣು ಸದ್ದಿಲ್ಲದೆ ಕುಸಿಯಿತು. ಒಂದು ಕೂದಲೆಳೆಯಷ್ಟು ಇಳಿದಿರಬೇಕು.

ಆಗ ನನ್ನ ಫೋನು ಚೀಲದಲ್ಲಿ ಅದುರಿತು. ತೆಗೆಯುವಷ್ಟರಲ್ಲಿ ಕರೆ ಕಡಿದುಹೋಯಿತು. ಮಂಗಳಿ ಬಾಗಿಲ ಕಡೆ ಗಲ್ಲ ತೋರಿಸಿದಳು. ಸಿಗ್ನಲ್ ಇರುವುದು ಅಲ್ಲಿ ಮಾತ್ರ. ಸಣ್ಣೀರಮ್ಮನ ಪಕ್ಕದ ಆ ಒಂದು ಮೊಳ ಜಾಗದಲ್ಲಿ, ಹೊಸ್ತಿಲ ಮೇಲೆ ಹತ್ತಿ ನಿಂತೆ. ಅವಳ ತಲೆ ನನ್ನ ಮಂಡಿಯ ಹತ್ತಿರವಿತ್ತು. ಫೋನು ಮತ್ತೆ ಅದುರಿತು. ನನ್ನ ಹಳೆಯ ಫೋನಿನಲ್ಲಿ ಮಾತು ಸುತ್ತಲಿನವರಿಗೆಲ್ಲ ಕೇಳುತ್ತದೆ.

“ಮುಗೀತಾ ವನಜಾಕ್ಷಿಯವರೇ?” ಚಿದಂಬರ ಸಾಹೇಬರು.

“ಆಕೆ ಬೇರೆಯೇ ಹೇಳ್ತಿದ್ದಾಳೆ ಸಾರ್. ಕೆರೆಗೆ ಒಪ್ಪಿಲ್ಲ ಅಂತ—”

“ಅದು ನಮ್ಮ ಪ್ರಶ್ನೆಯೇ ಅಲ್ಲವಲ್ಲ. ಫೋನ್ ಎತ್ತಿದ್ದು ಆಕೆ ತಾನೆ?”

ನಾನು ಹಾಳೆಯ ಎರಡು ಚೌಕಗಳನ್ನು ನೋಡಿದೆ.

“ಹೌದು ಅನ್ನೋ ಚೌಕದಲ್ಲಿ ಗುರುತು ಹಾಕಿ. ಕೆಳಗೆ ಸಹಿ ಮಾಡಿ. ಕೇಳಿಸ್ತಿದೆಯಾ?”

ಅವರು ಮಾತಿನ ನಡುನಡುವೆ ನಿಲ್ಲಿಸುತ್ತಿದ್ದರು. ಆ ಖಾಲಿಯಲ್ಲಿ ಹೂಂ ಎನ್ನುವುದು ನನ್ನ ಹತ್ತೊಂಬತ್ತು ವರ್ಷದ ಅಭ್ಯಾಸ. ಗಂಟಲಿನವರೆಗೆ ಬಂದೇಬಿಟ್ಟಿತ್ತು. ತುಟಿ ಕಚ್ಚಿ ಹಿಡಿದೆ.

“ನೀವು ಇಲ್ಲ ಅಂತ ಬರೆದರೂ ಏನಾಗುತ್ತೆ ಹೇಳಿ. ಕೇರಿಯನ್ನೆಲ್ಲ ಮತ್ತೆ ಮೊದಲಿಂದ ಯಾರೂ ಕೇಳೋದಿಲ್ಲ. ಆಕೆಯ ಬದಲಿಗೆ ಅಂಥದೇ ವಯಸ್ಸಿನ ಇನ್ನೊಬ್ಬ ಹೆಂಗಸನ್ನ ಹಾಕ್ತೀವಿ. ಪೇಟೆಯವರಾದ್ರೂ ನಡೆಯುತ್ತೆ, ಲೆಕ್ಕದ ಶಾಸ್ತ್ರ ಒಪ್ಪುತ್ತೆ. ಬೇಲಿ ಕೆಲಸ ನಿಲ್ಲೋದಿಲ್ಲ. ಸುಮ್ಮನೆ ಒಂದು ವಾರ ತಡ ಆಗುತ್ತೆ.” ನಿಲ್ಲಿಸಿದರು. ಅವರ ದನಿ ಇನ್ನೂ ಮೆತ್ತಗಾಯಿತು. “ನೋಡಿ, ನಾನು ಮೇಲಿನವರ ಹತ್ತಿರ ಮಾತಾಡಿದ್ದೇನೆ. ಮುಂದಿನ ಕೇಳಿಕೆಯಿಂದ ನಿಮ್ಮನ್ನೂ ಕೇಳುವವರ ಪಟ್ಟಿಯಿಂದ ತೆಗೆದು, ಉತ್ತರಿಸುವವರ ಪಟ್ಟಿಗೆ ಹಾಕ್ತೀವಿ. ನಿಮಗೂ ತೂಕ ಬರಲಿ. ಎಷ್ಟು ವರ್ಷ ಆ ಕಬ್ಬಿಣ ಹೊತ್ಕೊಂಡು ತಿರುಗ್ತೀರ?”

ನನಗೆ ಆಸೆಯಾಗಲಿಲ್ಲ ಎಂದರೆ ಸುಳ್ಳು. ಅಂಗಾಲು ಪೂರಾ ನೆಲಕ್ಕೆ ಊರಿ ನಡೆಯುವುದು ಹೇಗಿರುತ್ತದೆ ಎಂದು ನನಗೆ ಮರೆತೇಹೋಗಿದೆ. ಕೆಳಗೆ ನೋಡಿದೆ. ಸಣ್ಣೀರಮ್ಮ ಕಣ್ಣು ತೆರೆದಿದ್ದಳು. ಬೇಡಿಕೊಳ್ಳುವ ನೋಟವಲ್ಲ ಅದು. ಈ ಹುಡುಗಿ ಏನನ್ನುತ್ತಾಳೋ ನೋಡೋಣ ಎನ್ನುವ, ಮೊದಲ ವರ್ಷದ ಅದೇ ನೋಟ. ಅಂಗಳದಲ್ಲಿ ಹೆಂಗಸರು ಹಗ್ಗ ಹಿಡಿದು ನಿಂತಿದ್ದರು. ನಿಂಗಿಯ ಕುಣಿಕೆ ಓಬಕ್ಕನ ಬೆನ್ನ ಹಿಂದೆ ಗಾಳಿಗೆ ಆಡುತ್ತಿತ್ತು.

ಸಾಹೇಬರ ಮಾತಿನಲ್ಲಿ ಸುಳ್ಳಿರಲಿಲ್ಲ ಎಂದು ನನಗೆ ಗೊತ್ತಿತ್ತು. ನಾನು ಸಹಿ ಹಾಕದಿದ್ದರೆ ನಾಳೆ ಇನ್ನೊಬ್ಬ ಕೇಳುವವಳನ್ನು ಕಳಿಸುತ್ತಾರೆ, ಅವಳು ಗುರುತು ಹಾಕುತ್ತಾಳೆ. ಒಂದು ವಾರದಲ್ಲಿ ಕಂಬ ನೆಡುತ್ತಾರೆ. ಅಷ್ಟರಲ್ಲಿ ಈ ಹೆಂಗಸು ಕುತ್ತಿಗೆಯವರೆಗೆ ಇಳಿದಿರುತ್ತಾಳೆ.

“ಹಲೋ? ಸಹಿ ಹಾಕ್ತಿದ್ದೀರಿ ತಾನೆ? ಹೂಂ ಅನ್ನಿ, ಸಾಕು.”

ಊಹೂಂ ಎನ್ನಲು ತಲೆ ಅಲ್ಲಾಡಿತು. ಹಾಗೆಂದರೆ ಫೋನಿನ ಆ ತುದಿಯಲ್ಲಿ ಏನು ಕೇಳಿಸುತ್ತದೆ ಎಂಬುದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

ಹೊಸ್ತಿಲ ಮೇಲೆ ನಿಂತೇ, ಕೇರಿಗೆಲ್ಲ ಕೇಳುವಂತೆ, ಬಾಯಿ ತುಂಬಾ “ಇಲ್ಲ” ಎಂದೆ.

ಬಿಡ್ತು ಅನ್ನು ಎಂದು ಯಾರೂ ಹೇಳಲಿಲ್ಲ.